ಕೀಲುನೋವಿನ ಪುಡಿ ಮತ್ತು ಆಯುರ್ವೇದದ ಚಿಕಿತ್ಸೆ: ಮೂರು ಜಿಲ್ಲೆಗಳ ಆಡಳಿತಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳು,
ಮೂರೂ ಜಿಲ್ಲೆಗಳ ಆಯುಷ್ ಅಧಿಕಾರಿಗಳು,
ಹಾಗೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರು

ಮಾನ್ಯರೇ,

ನಾನು ಕಲಬುರಗಿಯಲ್ಲಿ 28 ವರ್ಷಗಳಿಂದ ಆಯುರ್ವೇದ ವೈದ್ಯೆಯಾಗಿ ಕೆಲಸ ಮಾಡುತ್ತಿದ್ದೇನೆ. ನನ್ನ ಚಿಕಿತ್ಸಾಲಯದ ಕಪಾಟಿನ ಕೆಳಗಿನ ಖಾನೆಯಲ್ಲಿ 23 ಪುಡಿಯ ಪೊಟ್ಟಣಗಳಿವೆ. ಅವುಗಳಲ್ಲಿ ಒಂದನ್ನೂ ನಾನು ತಯಾರಿಸಿದ್ದಲ್ಲ, ಯಾರಿಗೂ ಕೊಟ್ಟಿದ್ದೂ ಅಲ್ಲ. ಕಳೆದ ಕೆಲವು ವರ್ಷಗಳಲ್ಲಿ ನನ್ನ ಬಳಿಗೆ ಬಂದ ರೋಗಿಗಳು, ತಾವು ಅದುವರೆಗೆ ನುಂಗುತ್ತಿದ್ದ ‘ಆಯುರ್ವೇದ ಔಷಧ’ ಇದು ಎಂದು ತೋರಿಸಿ ನನ್ನಲ್ಲಿ ಬಿಟ್ಟುಹೋದವು ಅವು. ಹೆಚ್ಚಿನವುಗಳ ಮೇಲೆ ತಯಾರಕರ ಹೆಸರಿಲ್ಲ, ಪರವಾನಗಿ ಸಂಖ್ಯೆಯಿಲ್ಲ, ತಯಾರಾದ ದಿನವಿಲ್ಲ, ಒಳಗೆ ಏನೇನು ಸೇರಿದೆ ಎಂಬ ಪಟ್ಟಿಯಿಲ್ಲ. ಕೆಲವನ್ನು ಹಳೆಯ ದಿನಪತ್ರಿಕೆಯ ಹಾಳೆಯಲ್ಲಿ ಕಟ್ಟಲಾಗಿದೆ.

ಚಿತ್ತಾಪುರ ತಾಲೂಕಿನ ಹಳ್ಳಿಯೊಂದರಿಂದ ಬಂದ, ಐವತ್ತರ ಆಸುಪಾಸಿನ ಕೂಲಿಕಾರ ಹೆಣ್ಣುಮಗಳೊಬ್ಬರು ಇವುಗಳಲ್ಲೊಂದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ತಂದಿದ್ದರು. ತಳದಲ್ಲಿ ಒಂದು ಚಮಚದಷ್ಟು ಪುಡಿ ಮಾತ್ರ ಉಳಿದಿತ್ತು. ಅವರಿಗೆ ಎರಡು ವರ್ಷದಿಂದ ಕೈಬೆರಳು, ಮುಂಗೈ, ಮೊಣಕಾಲುಗಳ ನೋವು; ಬೆಳಿಗ್ಗೆ ಎದ್ದರೆ ರೊಟ್ಟಿ ಬಡಿಯಲು ಕೈ ಮಡಚಲಾಗದಷ್ಟು ಬಿಗಿತ. ಜಾತ್ರೆಯೊಂದರಲ್ಲಿ ಕೊಂಡ ಆ ಪುಡಿಯಿಂದ ಮೂರನೆಯ ದಿನಕ್ಕೇ ನೋವು ಮಾಯವಾಗಿತ್ತು. ‘ಎಂಟು ತಿಂಗಳು ದೇವರಂಗ ಕಾಪಾಡ್ಯಾದ ಬಾಯಿ’ ಎಂದು ಅವರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ಎಂಟು ತಿಂಗಳಲ್ಲಿ ಅವರ ಮುಖ ದುಂಡಗೆ ಊದಿತ್ತು, ತೋಳು ತೊಡೆಗಳ ಮಾಂಸ ಕರಗಿತ್ತು, ಚರ್ಮ ತೆಳುವಾಗಿ ಮುಟ್ಟಿದಲ್ಲೆಲ್ಲ ಕಂದುತ್ತಿತ್ತು, ಹಿಂದೆ ಇಲ್ಲದ ಸಕ್ಕರೆ ರಕ್ತದಲ್ಲಿ ಏರಿತ್ತು. ಮಾರುವವನು ಮತ್ತೆ ಬರಲಿಲ್ಲವಾದ್ದರಿಂದ ಪುಡಿಯನ್ನು ಕೊನೆಕೊನೆಗೆ ಚಿಟಿಕೆ ಚಿಟಿಕೆಯಾಗಿ ಉಳಿಸಿ ತಿಂದು, ಆಮೇಲೆ ಅದನ್ನೂ ನಿಲ್ಲಿಸಿದ್ದರು. ಒಂದು ವಾರದೊಳಗೆ ವಾಂತಿ, ತಲೆಸುತ್ತು, ಎದ್ದು ನಿಲ್ಲಲಾಗದ ನಿಶ್ಶಕ್ತಿ ಶುರುವಾಯಿತು. ನಾನು ಅವರಿಗೆ ನನ್ನ ಔಷಧ ಯಾವುದನ್ನೂ ಕೊಡದೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಹೊರಗಿನಿಂದ ಬಹುಕಾಲ ಸ್ಟೆರಾಯ್ಡ್ ಒದಗಿದ ದೇಹದಲ್ಲಿ ಅದನ್ನು ತಯಾರಿಸುವ ಗ್ರಂಥಿಗಳು ಕೆಲಸ ಮರೆತಿರುತ್ತವೆ, ಹಠಾತ್ತನೆ ಅದು ನಿಂತರೆ ಜೀವಕ್ಕೇ ಅಪಾಯ ಎಂದು ಅಲ್ಲಿನ ವೈದ್ಯರು ಮನೆಯವರಿಗೆ ವಿವರಿಸಿದರು. ಅವರು ಬದುಕಿ ಉಳಿದರು. ಆದರೆ ಪುಡಿಯನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಆದ್ದರಿಂದ ಅದರಲ್ಲಿ ಏನಿತ್ತು ಎಂಬುದು ಕಾಗದದ ಮೇಲೆ ಇಂದಿಗೂ ಅನುಮಾನವಾಗಿಯೇ ಉಳಿದಿದೆ, ಊರಿನಲ್ಲಿ ಮಾತ್ರ ‘ಆಯುರ್ವೇದದ ಔಷಧ ತಿಂದು ಹಿಂಗಾತು’ ಎಂಬ ಮಾತು ನಿಂತಿದೆ.

ಆ ಮಾತಿಗೆ ನಾನು ಉತ್ತರ ಕೊಡಲೇಬೇಕಾಗಿದೆ. ಆ ಪೊಟ್ಟಣದಲ್ಲಿ ಇದ್ದದ್ದು ಏನೇ ಇರಲಿ, ಅದನ್ನು ಕೊಟ್ಟ ರೀತಿಯಲ್ಲಿ ಆಯುರ್ವೇದ ಇರಲಿಲ್ಲ. ಆಯುರ್ವೇದದ ಚಿಕಿತ್ಸೆ ಎಂದರೆ ಗಿಡಮೂಲಿಕೆಯಿಂದ ಮಾಡಿದ ವಸ್ತು ಎಂದು ಜನರು ಮಾತ್ರವಲ್ಲ, ಆಡಳಿತವೂ ಕ್ರಮೇಣ ನಂಬುತ್ತ ಬಂದಿದೆ ಎಂಬುದು ನನ್ನ ಆತಂಕ. ಈ ಶಾಸ್ತ್ರದಲ್ಲಿ ಚಿಕಿತ್ಸೆ ಎಂದರೆ ಈ ರೋಗಿಗೆ, ಈ ಋತುವಿನಲ್ಲಿ, ರೋಗದ ಈ ಹಂತದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬ ನಿರ್ಣಯ. ಔಷಧ ಅದರ ನಂತರ ಬರುತ್ತದೆ.

ಇದನ್ನು ನಮ್ಮ ಕಡೆಯ ಜನ ‘ಕೀಲುಬ್ಯಾನಿ’ ಎನ್ನುವ ಒಂದೇ ದೂರಿನಿಂದ ವಿವರಿಸಲು ಅನುಮತಿ ಕೊಡಿ, ಏಕೆಂದರೆ ನನ್ನ ಬಳಿ ಇರುವ ಪೊಟ್ಟಣಗಳಲ್ಲಿ ಹೆಚ್ಚಿನವು ಅದರ ಹೆಸರಿನಲ್ಲೇ ಮಾರಾಟವಾದವು. ಒಂದೇ ಬೆಳಿಗ್ಗೆ ನನ್ನ ಮುಂದೆ ಕೀಲುನೋವಿನ ಮೂವರು ಕುಳಿತುಕೊಳ್ಳುತ್ತಾರೆ ಎಂದುಕೊಳ್ಳಿ. ಮೊದಲನೆಯವರು ಅರವತ್ತು ದಾಟಿದವರು. ಮೊಣಕಾಲು ಮಡಚಿದರೆ ಕಟಕಟ ಸದ್ದು, ನಡೆದಷ್ಟೂ ನೋವು, ಕುಳಿತರೆ ಆರಾಮ, ಹಸಿವೆ ಚೆನ್ನಾಗಿದೆ. ಇದನ್ನು ಸಂಧಿಗತ ವಾತ ಎನ್ನುತ್ತೇವೆ. ಇಲ್ಲಿ ವಾತದ ಒಣತನವೇ ಮುಖ್ಯವಾದ್ದರಿಂದ ಎಣ್ಣೆಯ ಅಭ್ಯಂಗ, ಬಿಸಿ ಶಾಖ, ಜಿಡ್ಡಿನ ಆಹಾರ, ಅಗತ್ಯವಿದ್ದರೆ ಬಸ್ತಿ ಚಿಕಿತ್ಸೆ, ಅಂದರೆ ಗುದದ್ವಾರದ ಮೂಲಕ ಔಷಧ ಕೊಡುವುದು, ಹಿತ. ಎರಡನೆಯವರು ಆ ಚಿತ್ತಾಪುರದ ತಾಯಿಯಂಥವರು. ಹಲವು ಸಣ್ಣ ಕೀಲುಗಳಲ್ಲಿ ಊತ, ಬೆಳಗಿನ ಬಿಗಿತ, ಮೈಭಾರ, ಬಾಯಿರುಚಿ ಇಲ್ಲ, ಕೆಲವೊಮ್ಮೆ ಜ್ವರ. ಇದು ಆಮವಾತ, ಮಾಧವಕರನೆಂಬ ಪ್ರಾಚೀನ ವೈದ್ಯನು ರೋಗ ಗುರುತಿಸುವ ಬಗೆ ತಿಳಿಸುವ ತನ್ನ ನಿದಾನಗ್ರಂಥದಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದ್ದಾನೆ. ಜೀರ್ಣಶಕ್ತಿ ಮಂದವಾಗಿ ಪಕ್ವವಾಗದೆ ಉಳಿದ ‘ಆಮ’ ವಾತದೊಂದಿಗೆ ಸೇರಿ ಕೀಲುಗಳಲ್ಲಿ ನೆಲೆ ನಿಲ್ಲುತ್ತದೆ ಎಂಬುದು ಶಾಸ್ತ್ರದ ವಿವರಣೆ. ಮೊದಲನೆಯವರಿಗೆ ಹಿತವಾದ ಎಣ್ಣೆ ನೀವುವುದು ಈ ಹಂತದಲ್ಲಿ ಇವರಿಗೆ ಅಹಿತ. ಬೇಕಾದದ್ದು ಲಂಘನ, ಅಂದರೆ ಹಗುರ ಆಹಾರ ಅಥವಾ ಉಪವಾಸ, ಬಿಸಿ ಮರಳಿನ ಗಂಟಿನಿಂದ ಒಣ ಶಾಖ, ಒಣಶುಂಠಿಯಂಥ, ಜೀರ್ಣಶಕ್ತಿ ಹೆಚ್ಚಿಸುವ ದೀಪನ ದ್ರವ್ಯಗಳು, ಆಮೇಲೆ ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಔಡಲದ ಎಣ್ಣೆ. ಮೂರನೆಯವರಿಗೆ ನೋವು ಕಾಲಿನ ಹೆಬ್ಬೆರಳಿನ ಬುಡದಲ್ಲಿ ರಾತ್ರಿ ಇದ್ದಕ್ಕಿದ್ದಂತೆ ಶುರುವಾಗಿ, ಕೆಂಪಗೆ ಊದಿ, ಹೊದಿಕೆ ತಾಗಿದರೂ ತಾಳಲಾಗದಷ್ಟು ಉರಿಯುತ್ತದೆ. ಅದು ವಾತರಕ್ತ. ಅಲ್ಲಿ ಬಿಸಿ ಶಾಖವೇ ಬೇಡ. ಹುಳಿ, ಉಪ್ಪು, ಮದ್ಯ ಬಿಡಿಸಬೇಕು, ಅಮೃತಬಳ್ಳಿಯಂಥ ಕಹಿ ದ್ರವ್ಯಗಳನ್ನು ಯೋಚಿಸಬೇಕು.

ಮೂವರಿಗೂ ದೂರು ಒಂದೇ, ಆದರೆ ಒಬ್ಬರ ಚಿಕಿತ್ಸೆ ಇನ್ನೊಬ್ಬರಿಗೆ ಅಪಥ್ಯ. ಈ ವ್ಯತ್ಯಾಸವನ್ನು ಕಂಡುಹಿಡಿಯಲು ನಾಡಿ, ಮೂತ್ರ, ಮಲ, ನಾಲಿಗೆ, ಧ್ವನಿ, ಸ್ಪರ್ಶ, ಕಣ್ಣು, ಆಕೃತಿ ಎಂಬ ಎಂಟು ಸ್ಥಾನಗಳ ಪರೀಕ್ಷೆಯನ್ನು ನಮ್ಮ ಹಿರಿಯರು ಹೇಳಿದ್ದಾರೆ. ನಾನು ಇದರೊಂದಿಗೆ ರಕ್ತಪರೀಕ್ಷೆಯನ್ನೂ ಮಾಡಿಸುತ್ತೇನೆ, ಮತ್ತು ಎರಡನೆಯ ಬಗೆಯವರನ್ನು ಸಂಧಿವಾತ ತಜ್ಞರಲ್ಲಿಗೂ ಕಳುಹಿಸುತ್ತೇನೆ. ಇಂದು ರುಮಟಾಯ್ಡ್ ಎಂದು ಗುರುತಿಸುವ ಕಾಯಿಲೆಯಲ್ಲಿ ಮೊದಲ ತಿಂಗಳುಗಳು ಕೈತಪ್ಪಿದರೆ ಕೀಲು ಶಾಶ್ವತವಾಗಿ ಸೊಟ್ಟಗಾಗುತ್ತದೆ, ಅದನ್ನು ತಡೆಯುವ ಔಷಧಗಳು ಅವರ ಬಳಿ ಇವೆ. ಹೀಗೆ ಕಳುಹಿಸುವುದರಿಂದ ನನ್ನ ಶಾಸ್ತ್ರ ಸಣ್ಣದಾಗುತ್ತದೆ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಮೂವರಿಗೂ ಒಂದೇ ಚಮಚ ಪುಡಿ ಕೊಡುವವನು ಮಾತ್ರ ಎರಡೂ ಶಾಸ್ತ್ರಗಳಿಗೆ ಹೊರಗಿನವನು.

ಈ ನಿರ್ಣಯಕ್ಕೆ ಸಮಯ ಬೇಕು. ಹೊಸ ರೋಗಿಯೊಬ್ಬರನ್ನು ಸರಿಯಾಗಿ ನೋಡಲು ನನಗೆ ಅರ್ಧ ಗಂಟೆ ಹಿಡಿಯುತ್ತದೆ. ಸರ್ಕಾರಿ ಆಯುರ್ವೇದ ಚಿಕಿತ್ಸಾಲಯದ ಕೆಲಸವನ್ನು ದಿನಕ್ಕೆ ಎಷ್ಟು ಮಂದಿಗೆ ಔಷಧ ಹಂಚಲಾಯಿತು ಎಂಬ ಲೆಕ್ಕದಿಂದ ಅಳೆಯುವುದಾದರೆ, ಅಲ್ಲಿನ ವೈದ್ಯರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಕೊನೆಗೆ ಪೊಟ್ಟಣ ಕೊಡುವವರೇ ಆಗಿಬಿಡುತ್ತಾರೆ. ಆದ್ದರಿಂದ ನನ್ನ ಮೊದಲ ವಿನಂತಿ ಇದು: ಪ್ರತಿ ಹೊಸ ರೋಗಿಗೂ ಒಂದು ಚಿಕಿತ್ಸಾ ಪತ್ರ ಇರಲಿ, ಅದರಲ್ಲಿ ರೋಗದ ಹೆಸರು, ಹಂತ, ಜೀರ್ಣಶಕ್ತಿಯ ಸ್ಥಿತಿ, ಈಗಾಗಲೇ ತೆಗೆದುಕೊಳ್ಳುತ್ತಿರುವ ಇತರ ಗುಳಿಗೆಗಳು, ಕೊಟ್ಟ ಔಷಧದ ಹೆಸರು ಮತ್ತು ಪಥ್ಯ ಇವೆಲ್ಲವನ್ನೂ ರೋಗಿ ಓದಬಲ್ಲ ಕನ್ನಡದಲ್ಲಿ ಬರೆದುಕೊಡಲಿ. ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳುತ್ತಾರೆ. ತಾನು ಏನು ತಿನ್ನುತ್ತಿದ್ದೇನೆ ಎಂಬುದು ಬರವಣಿಗೆಯಲ್ಲಿ ಇದ್ದವರಿಗೆ, ಹೆಸರಿಲ್ಲದ ಪುಡಿಯನ್ನು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ತಾನಾಗಿ ಹೊಳೆಯುತ್ತದೆ.

ಎರಡನೆಯದು ಊಟದ ವಿಷಯ, ಮತ್ತು ಇದನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತಾನೆ: ವೈದ್ಯ, ದ್ರವ್ಯ, ಉಪಸ್ಥಾತ ಅಂದರೆ ಆರೈಕೆ ಮಾಡುವವನು, ಮತ್ತು ರೋಗಿ. ಒಂದೊಂದಕ್ಕೂ ನಾಲ್ಕು ಗುಣಗಳಿದ್ದು ಒಟ್ಟು ಹದಿನಾರು ಕೂಡಿದರೆ ಮಾತ್ರ ಚಿಕಿತ್ಸೆ ನಿಲ್ಲುತ್ತದೆ. ನಾವು ವೈದ್ಯರನ್ನು ನೇಮಿಸುತ್ತೇವೆ, ದ್ರವ್ಯವನ್ನು ಖರೀದಿಸುತ್ತೇವೆ. ಮೂರನೆಯ ಪಾದವನ್ನು ಮರೆಯುತ್ತೇವೆ. ಪಂಚಕರ್ಮವನ್ನೇ ನೋಡಿ. ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಎರಡು ಬಗೆಯ ಬಸ್ತಿ ಮತ್ತು ನಸ್ಯ (ಮೂಗಿಗೆ ಔಷಧ ಹಾಕುವುದು) ಎಂಬ ಈ ಶೋಧನ, ಅಂದರೆ ದೇಹಶುದ್ಧಿಯ ಕ್ರಮಗಳ ಮೊದಲು ಸ್ನೇಹನ ಸ್ವೇದನಗಳೂ (ಜಿಡ್ಡು ಕೊಟ್ಟು ಬೆವರಿಳಿಸುವುದು), ನಂತರ ಸಂಸರ್ಜನ ಕ್ರಮವೂ (ಊಟವನ್ನು ಹಂತಹಂತವಾಗಿ ಮರಳಿ ತರುವುದು) ಇವೆ. ಹೊಟ್ಟೆ ಖಾಲಿಯಾದ ಮೇಲೆ ಜಠರಾಗ್ನಿಯನ್ನು ಸಣ್ಣ ಕಿಡಿಯನ್ನು ಊದಿ ಉರಿಸುವಂತೆ ಮೆಲ್ಲಗೆ ಎಬ್ಬಿಸಬೇಕಾಗುತ್ತದೆ; ಮೊದಲು ತಿಳಿಗಂಜಿ, ಆಮೇಲೆ ಗಟ್ಟಿ ಗಂಜಿ, ಆಮೇಲೆ ಹೆಸರುಬೇಳೆಯ ಕಟ್ಟು, ಹೀಗೆ ಶುದ್ಧಿಯ ಪ್ರಮಾಣಕ್ಕೆ ತಕ್ಕಂತೆ 3, 5 ಅಥವಾ 7 ದಿನ ನಡೆಸಿ ಮಾಮೂಲಿನ ಊಟಕ್ಕೆ ತರಬೇಕು. ತೊಗರಿ ರಾಶಿಯ ಕಾಲದಲ್ಲಿ ಕೂಲಿ ಬಿಟ್ಟು ಬಂದ ಹೆಣ್ಣುಮಗಳೊಬ್ಬಳು ವಿರೇಚನದ ಮರುದಿನವೇ ಮನೆಗೆ ಹೋಗಿ ಜೋಳದ ರೊಟ್ಟಿ, ಶೇಂಗಾಹಿಂಡಿ ಉಂಡು ಹೊಲಕ್ಕಿಳಿದರೆ, ಆ ಚಿಕಿತ್ಸೆ ಅವಳಿಗೆ ಉಪಕಾರ ಮಾಡುವ ಬದಲು ಹೊಸ ಬ್ಯಾನಿಯನ್ನೇ ತರಬಹುದು. ಅವಳಿಗೆ ಗಂಜಿ ಮಾಡಿಕೊಡುವವರು ಮನೆಯಲ್ಲಿ ಯಾರಿದ್ದಾರೆ?

ಇದಕ್ಕೆ ಉತ್ತರ ನಮ್ಮ ನೆಲದಲ್ಲೇ ಒಮ್ಮೆ ಇತ್ತು. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ (1436–1458) ಬೀದರಿನಲ್ಲಿ ದೊಡ್ಡದೊಂದು ಆಸ್ಪತ್ರೆ ಕಟ್ಟಿಸಿ, ರೋಗಿಗಳ ಔಷಧಕ್ಕೂ ಆಹಾರಕ್ಕೂ ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟು, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದ್ದನೆಂದು ಇತಿಹಾಸಕಾರ ಫೆರಿಷ್ತಾ ದಾಖಲಿಸಿದ್ದಾನೆ. ಔಷಧಕ್ಕೂ ಆಹಾರಕ್ಕೂ ಎಂಬ ಮಾತನ್ನು ನಾನು ಓದಿದಾಗಲೆಲ್ಲ ಅಲ್ಲೇ ನಿಲ್ಲುತ್ತೇನೆ. ಇನ್ನೂ ಹಿಂದೆ, ಇಂದು ಸೇಡಂ ತಾಲೂಕಿನಲ್ಲಿರುವ ಮಳಖೇಡವು ಮಾನ್ಯಖೇಟವೆಂಬ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ, ಜೈನ ಆಚಾರ್ಯ ಉಗ್ರಾದಿತ್ಯನು ‘ಕಲ್ಯಾಣಕಾರಕ’ವನ್ನು ರಚಿಸಿ, ಮಾಂಸ ಮದ್ಯಗಳನ್ನು ಬಳಸದೆ ಚಿಕಿತ್ಸೆ ಮಾಡುವ ದಾರಿಯನ್ನು ತೋರಿಸಿದನು. ಶಾಸ್ತ್ರದ ಚೌಕಟ್ಟನ್ನು ಬಿಡದೆ ತಮ್ಮ ಜನರ ಆಹಾರಕ್ಕೆ ತಕ್ಕಂತೆ ಅದನ್ನು ಹೊಂದಿಸಿಕೊಳ್ಳುವ ಧೈರ್ಯ ಈ ನೆಲದ ವೈದ್ಯರಿಗೆ ಆಗಲೇ ಇತ್ತು. ಹಾಗಿರುವಾಗ ಅಕ್ಕಿಯ ಗಂಜಿ ರೂಢಿಯಿಲ್ಲದವರಿಗೆ ಜೋಳದ ನುಚ್ಚಿನ ತೆಳುಗಂಜಿಯನ್ನು ಯಾವ ಹಂತದಲ್ಲಿ, ಎಷ್ಟು ಬೇಯಿಸಿ ಕೊಡಬಹುದು ಎಂಬುದನ್ನು ಕಲಬುರಗಿ, ಬೀದರಿನ ಆಯುರ್ವೇದ ಕಾಲೇಜುಗಳ ಅಧ್ಯಾಪಕರು ಕುಳಿತು ನಿಷ್ಕರ್ಷೆ ಮಾಡಲು ಸಾಧ್ಯವಿದೆ. ಮಂಡಳಿಯವರಲ್ಲಿ ನನ್ನ ವಿನಂತಿ: ಮೂರೂ ಜಿಲ್ಲೆಗಳಲ್ಲಿ ಆಯುರ್ವೇದ ಒಳರೋಗಿ ಹಾಸಿಗೆಗಳಿಗೆ ಹಣ ಕೊಡುವಾಗ ಮಸಾಜಿನ ಮೇಜು, ಉಗಿಪೆಟ್ಟಿಗೆಗಳ ಜೊತೆಗೆ ಒಂದು ಪಥ್ಯದ ಅಡುಗೆಮನೆಗೆ, ತರಬೇತಾದ ಇಬ್ಬರು ಆರೈಕೆದಾರರಿಗೆ ಮತ್ತು ಕೂಲಿ ಕಳೆದುಕೊಳ್ಳುವ ರೋಗಿಯ ಏಳು ದಿನಗಳ ವಾಸಕ್ಕೆ ಅನುದಾನ ಸೇರಿಸಿ. ಅಡುಗೆಮನೆ ಇಲ್ಲದ ಕಡೆ ಶೋಧನ ಚಿಕಿತ್ಸೆಯನ್ನು ಮಾಡಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇಲ್ಲಿಯೇ ಋತುವಿನ ಮಾತನ್ನೂ ಸೇರಿಸುತ್ತೇನೆ. ಅತಿ ಚಳಿ, ಅತಿ ಸೆಕೆ, ಅತಿ ಮಳೆಯ ಕಾಲಗಳಲ್ಲಿ, ತುರ್ತು ಇಲ್ಲದಿದ್ದರೆ ಶೋಧನ ಬೇಡ ಎಂದು ಚರಕಸಂಹಿತೆ ಹೇಳುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವಾಗ ದೇಹದ ಬಲ ತಾನಾಗಿಯೇ ತಳ ಹಿಡಿದಿರುತ್ತದೆ. ಆಗ ‘ಬೇಸಿಗೆ ರಜೆಯ ವಿಶೇಷ ಪಂಚಕರ್ಮ’ ಎಂದು ಜಾಹೀರಾತು ಕೊಟ್ಟು ಬೆವರಿಳಿಸುವುದು ಯಾವ ಗ್ರಂಥಕ್ಕೂ ಒಪ್ಪುವುದಿಲ್ಲ. ಆ ದಿನಗಳಿಗೆ ಶಾಸ್ತ್ರ ಹೇಳುವುದು ತಂಪಾದ, ಸಿಹಿಯಾದ, ದ್ರವರೂಪದ ಆಹಾರ, ಕಡಿಮೆ ಶ್ರಮ, ಮಧ್ಯಾಹ್ನದ ನಿದ್ದೆ. ನಮ್ಮ ಹಿರಿಯರು ಅಂಬಲಿ ಕುಡಿದು, ಬಿಸಿಲಿಳಿಯುವವರೆಗೆ ಗಿಡದ ನೆರಳಲ್ಲಿ ಒರಗುತ್ತಿದ್ದುದು ಇದಕ್ಕೆ ಹತ್ತಿರದ ನಡವಳಿಕೆ.

ಈಗ ಜಾಹೀರಾತುಗಳ ವಿಷಯಕ್ಕೆ ಬರುತ್ತೇನೆ. ‘ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುತ್ತೇವೆ’ ಎಂಬ ಮಾತು ಇಂದು ಹಳ್ಳಿಹಳ್ಳಿಯ ಮೊಬೈಲಿನಲ್ಲಿದೆ. ಆಯುರ್ವೇದವು ರೋಗಗಳನ್ನು ಸುಲಭಸಾಧ್ಯ, ಕಷ್ಟಸಾಧ್ಯ, ಯಾಪ್ಯ ಮತ್ತು ಅಸಾಧ್ಯ ಎಂದು ವಿಂಗಡಿಸುತ್ತದೆ. ಯಾಪ್ಯ ಎಂದರೆ ಪೂರ್ತಿ ಹೋಗದ, ಆದರೆ ಪಥ್ಯ ಮತ್ತು ಔಷಧದಿಂದ ಹಿಡಿತದಲ್ಲಿ ಇಟ್ಟುಕೊಂಡು ಬಾಳಬಹುದಾದ ರೋಗ. ಉಪೇಕ್ಷೆ ಮಾಡಿದ ಪ್ರಮೇಹಗಳೆಲ್ಲ, ಅಂದರೆ ಮೂತ್ರ ಕೆಡುವ, ಹೆಚ್ಚುವ ರೋಗಗಳೆಲ್ಲ, ಕಾಲಾನಂತರ ಮಧುಮೇಹವಾಗಿ ಅಸಾಧ್ಯವಾಗುತ್ತವೆ ಎಂದು ಸುಶ್ರುತನೇ ಎಚ್ಚರಿಸಿದ್ದಾನೆ. ಸ್ಥೂಲದೇಹಿಯಾದ ಪ್ರಮೇಹಿಗೂ ಕೃಶನಾದ ಪ್ರಮೇಹಿಗೂ ಚಿಕಿತ್ಸೆ ಬೇರೆ ಬೇರೆ, ಕೃಶನಿಗೆ ಬಲ ತುಂಬಬೇಕು ಎಂದು ಚರಕ ಹೇಳುತ್ತಾನೆ. ಬೇರುಸಹಿತ ಕೀಳುವ ಮಾತು ಮೂಲಗ್ರಂಥಕ್ಕೇ ವಿರುದ್ಧವಾದದ್ದು. ಅದು ಕಾನೂನಿಗೂ ವಿರುದ್ಧ. ಮಧುಮೇಹ, ಪಾರ್ಶ್ವವಾಯು, ಕ್ಯಾನ್ಸರ್ ಮುಂತಾದ ಕಾಯಿಲೆಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಶಹಾಪುರದ ಕಡೆಯ ಹುಡುಗನೊಬ್ಬ, ಬಾಲ್ಯದಿಂದಲೇ ಇನ್ಸುಲಿನ್ ಮೇಲೆ ಇದ್ದವನು, ಇಂಥ ಜಾಹೀರಾತು ನೋಡಿ ಸೂಜಿ ನಿಲ್ಲಿಸಿ ಪುಡಿ ಶುರುಮಾಡಿ ಮೂರನೆಯ ದಿನ ಏದುಸಿರಿನಲ್ಲಿ ಆಸ್ಪತ್ರೆ ಸೇರಿದ. ಇನ್ಸುಲಿನ್ ಉತ್ಪತ್ತಿಯೇ ಆಗದ ದೇಹಕ್ಕೆ ಅದನ್ನು ಹೊರಗಿನಿಂದ ಕೊಡುವುದು ಬಿಟ್ಟರೆ ಬೇರೆ ದಾರಿಯಿಲ್ಲ ಎಂಬುದನ್ನು ಪ್ರತಿ ಆಯುರ್ವೇದ ವೈದ್ಯರೂ ಗಟ್ಟಿಯಾಗಿ ಹೇಳಬೇಕು. ನಾನು ಇಲ್ಲಿ ಹೇಳುತ್ತಿದ್ದೇನೆ.

ಹಾವು ಕಡಿತದ ವಿಷಯದಲ್ಲೂ ನನ್ನ ಮಾತು ಇಷ್ಟೇ ನೇರ. ವಿಷಚಿಕಿತ್ಸೆ ಆಯುರ್ವೇದದ ಎಂಟು ವಿಭಾಗಗಳಲ್ಲಿ ಒಂದು, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ತೊಗರಿ ಹೊಲದಲ್ಲಿ ನಾಗರಹಾವೋ ಮಂಡಲದ ಹಾವೋ ಕಚ್ಚಿದವರನ್ನು ಬೇರಿನ ರಸ ಕುಡಿಸುತ್ತ ಕೂರಿಸಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ; ಪ್ರತಿವಿಷದ ಚುಚ್ಚುಮದ್ದು ಇರುವ ದವಾಖಾನೆಗೆ ಒಯ್ಯಿರಿ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಆಯುಷ್ ವೈದ್ಯರೂ ನಾಟಿ ವೈದ್ಯರೂ ಈ ಸರಪಳಿಯ ಮೊದಲ ಕೊಂಡಿಯಾಗುವಂತೆ ಅವರಿಗೆ ತರಬೇತಿ ಕೊಟ್ಟು, ಮುಂದಿನ ಆಸ್ಪತ್ರೆಗೆ ಕಳುಹಿಸುವ ಚೀಟಿಯ ಪುಸ್ತಕ ಕೊಡಿ.

ಲೋಹದ ಔಷಧಗಳ ಬಗ್ಗೆ ಹೇಳದಿದ್ದರೆ ಈ ಪತ್ರ ಅಪ್ರಾಮಾಣಿಕವಾಗುತ್ತದೆ. ಲೋಹ, ಖನಿಜಗಳಿಂದ ಔಷಧ ಮಾಡುವ ರಸಶಾಸ್ತ್ರವು ಪಾದರಸ, ತಾಮ್ರ, ಸೀಸ, ಆರ್ಸೆನಿಕ್ ಇರುವ ಹರಿತಾಳ ಇವುಗಳನ್ನು ಶೋಧನ (ದ್ರವ್ಯದ ಶುದ್ಧಿ), ಮಾರಣ (ಸುಟ್ಟು ಭಸ್ಮ ಮಾಡುವುದು) ಎಂಬ ದೀರ್ಘ ಸಂಸ್ಕಾರಗಳ ನಂತರವೇ ಬಳಸುತ್ತದೆ. ಭಸ್ಮವು ನೀರಿನ ಮೇಲೆ ತೇಲಬೇಕು, ಬೆರಳಿನ ಗೆರೆಗಳಲ್ಲಿ ತುಂಬಿಕೊಳ್ಳಬೇಕು, ಕಾಯಿಸಿದರೆ ಮತ್ತೆ ಲೋಹವಾಗಿ ಮರಳಬಾರದು ಎಂಬ ಪರೀಕ್ಷೆಗಳಿವೆ. ಸತುವಿಗೆ ಎಷ್ಟು ತಾಮ್ರ ಬೆರೆಸಬೇಕು, ಕೋಟೆಯ ಯಾವ ಮಣ್ಣು ಅದನ್ನು ಕಪ್ಪಾಗಿಸುತ್ತದೆ ಎಂಬುದನ್ನು ತಲೆಮಾರುಗಳಿಂದ ಬಲ್ಲ ಬೀದರಿನ ಬಿದರಿ ಕುಶಲಕರ್ಮಿಗಳಿಗೆ, ಲೋಹದ ಕೆಲಸದಲ್ಲಿ ಒಂದು ಹಂತ ತಪ್ಪಿದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಆದರೆ ಹಳೆಯ ಪರೀಕ್ಷೆಗಳಷ್ಟೇ ಇಂದು ಸಾಲವು. 2008ರಲ್ಲಿ ಅಮೆರಿಕದ ಸಂಶೋಧಕರು ಅಂತರ್ಜಾಲದ ಮೂಲಕ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಷ್ಟು ಉತ್ಪನ್ನಗಳಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಯಿತು. ಈ ವರದಿಯನ್ನು ನಮ್ಮ ಶಾಸ್ತ್ರದ ಮೇಲಿನ ದಾಳಿ ಎಂದು ತಳ್ಳಿಹಾಕಿದ ಸಹೋದ್ಯೋಗಿಗಳ ಜೊತೆ ನಾನು ವಾದ ಮಾಡಿದ್ದೇನೆ. ಸರಿಯಾಗಿ ಬಳಸಿದರೆ ತೀಕ್ಷ್ಣ ವಿಷವೂ ಉತ್ತಮ ಔಷಧವಾಗುತ್ತದೆ, ತಪ್ಪಾಗಿ ಬಳಸಿದರೆ ಔಷಧವೇ ತೀಕ್ಷ್ಣ ವಿಷವಾಗುತ್ತದೆ ಎಂದು ಚರಕ ಹೇಳಿದ ಮೇಲೆ, ಪ್ರಯೋಗಾಲಯದ ಪರೀಕ್ಷೆಗೆ ನಾವು ಏಕೆ ಅಂಜಬೇಕು?

ಯಾದಗಿರಿ ಜಿಲ್ಲೆಯವರಿಗೆ ಆರ್ಸೆನಿಕ್ ಅಪರಿಚಿತವಲ್ಲ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಅದು ಸೇರಿಕೊಂಡು, ಅಲ್ಲಿನ ಜನರ ಅಂಗೈ ಅಂಗಾಲುಗಳ ಚರ್ಮ ಗಡುಸಾದದ್ದನ್ನು ನಾವು ಕಂಡಿದ್ದೇವೆ. ಸಂಕ್ಷೇಪವಾಗಿ ಹೇಳುವುದಾದರೆ ರೋಗದ ಕಾರಣವನ್ನು ದೂರ ಮಾಡುವುದೇ ಚಿಕಿತ್ಸೆ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಅಂಥ ತಾಂಡಾಗಳಿಗೆ ಆಯುರ್ವೇದದ ಪ್ರಕಾರವೂ ಮೊದಲ ಔಷಧ ಶುದ್ಧವಾದ ಕುಡಿಯುವ ನೀರು. ನೀರು ಕೊಡದೆ ಚರ್ಮಕ್ಕೆ ಹಚ್ಚಲು ತೈಲ ಹಂಚಿದರೆ ಅದನ್ನು ಚಿಕಿತ್ಸೆ ಎಂದು ನಾನು ಕರೆಯಲಾರೆ. ಹಾಗೆಯೇ ನೀರಿನಲ್ಲೇ ಆರ್ಸೆನಿಕ್ ಇರಬಹುದಾದ ಕಡೆ, ಅದನ್ನೇ ಹೊಂದಿರಬಹುದಾದ ಹೆಸರಿಲ್ಲದ ಪುಡಿಗಳು ಮಾರಾಟವಾಗುವುದು ಎರಡು ಪಟ್ಟು ಅಪಾಯ.

ಆದ್ದರಿಂದ ಮೂರನೆಯ ಮತ್ತು ಅತ್ಯಂತ ತುರ್ತಿನ ವಿನಂತಿ. ಜಾತ್ರೆ, ಸಂತೆ, ಬಸ್ ನಿಲ್ದಾಣಗಳಲ್ಲಿ ಆಯುರ್ವೇದದ ಹೆಸರಿನಲ್ಲಿ ಮಾರುವ ಬಿಡಿ ಪುಡಿ, ಗುಳಿಗೆಗಳ ಮಾದರಿಗಳನ್ನು ವರ್ಷಕ್ಕೆ ಕನಿಷ್ಠ ಎರಡು ಬಾರಿ ಸಂಗ್ರಹಿಸಿ, ಸ್ಟೆರಾಯ್ಡ್, ನೋವುನಿವಾರಕಗಳು, ಸಕ್ಕರೆ ಇಳಿಸುವ ಆಧುನಿಕ ಔಷಧಗಳು ಮತ್ತು ಭಾರಲೋಹಗಳಿಗಾಗಿ ಪರೀಕ್ಷಿಸಿ, ಫಲಿತಾಂಶವನ್ನು ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಹಚ್ಚಿಸಿ. ಪರವಾನಗಿ ಸಂಖ್ಯೆ, ತಯಾರಾದ ದಿನ, ಘಟಕಗಳ ಪಟ್ಟಿ ಇಲ್ಲದ ಔಷಧವನ್ನು ಕೊಳ್ಳಬೇಡಿ ಎಂಬ ಸೂಚನೆಯೂ ಅದೇ ಫಲಕದಲ್ಲಿರಲಿ. ವತ್ಸನಾಭವೆಂಬ ವಿಷದ ಬೇರು, ಭಲ್ಲಾತಕವೆಂಬ ಕರಿಗೇರು, ಪಾದರಸದಂಥ ವಿಷದ್ರವ್ಯಗಳಿರುವ ಹೊಟ್ಟೆಗೆ ತೆಗೆದುಕೊಳ್ಳುವ ಔಷಧಗಳ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ’ ಎಂಬ ಎಚ್ಚರಿಕೆಯನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮುದ್ರಿಸಬೇಕೆಂದು ನಿಯಮವಿದೆ. ನಮ್ಮ ಆಳಂದ, ಔರಾದ, ಗುರುಮಠಕಲ್‌ಗಳ ಗ್ರಾಹಕರಲ್ಲಿ ಎಷ್ಟು ಮಂದಿಗೆ ಅದು ಓದಲು ಸಿಗುತ್ತದೆ? ನಿಯಮದ ತಿದ್ದುಪಡಿ ಆಗುವವರೆಗೆ, ಅಂಥ ಔಷಧಗಳ ಪಟ್ಟಿಯನ್ನು ಕನ್ನಡದಲ್ಲಿ, ಮತ್ತು ನಮ್ಮ ಭಾಗದಲ್ಲಿ ಉರ್ದು, ತೆಲುಗು, ಮರಾಠಿ ಓದುವವರಿಗಾಗಿ ಆ ಭಾಷೆಗಳಲ್ಲೂ, ಪ್ರತಿ ಔಷಧ ಅಂಗಡಿಯಲ್ಲಿ ತೂಗುಹಾಕಿಸಲು ಜಿಲ್ಲಾಡಳಿತ ಸೂಚಿಸಬಹುದು. ಆಯುಷ್ ಔಷಧಗಳ ಅಡ್ಡಪರಿಣಾಮಗಳನ್ನು ವರದಿ ಮಾಡುವ ವ್ಯವಸ್ಥೆ ದೇಶದಲ್ಲಿ 2018ರಿಂದ ಇದೆ; ಆ ನಮೂನೆಯನ್ನು ತುಂಬುವುದು ಹೇಗೆಂದು ತಾಲೂಕು ಆಸ್ಪತ್ರೆಯ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಕಲಿಸಿದರೆ, ಚಿತ್ತಾಪುರದ ಆ ತಾಯಿಯ ಕಥೆ ಊರ ಮಾತಾಗಿ ಉಳಿಯುವ ಬದಲು ದಾಖಲೆಯಾಗುತ್ತದೆ.

ನಾಟಿ ವೈದ್ಯರ ಬಗ್ಗೆ ತಪ್ಪು ತಿಳಿವಳಿಕೆ ಬೇಡ. ತಮ್ಮ ಊರಿನಲ್ಲೇ ಬಾಳುತ್ತ, ಹಣ ಕೇಳದೆ ಎಲೆ ಬೇರು ಕೊಡುವ, ಬಾಣಂತಿಗೆ ಅಳವಿ, ಅಂಟಿನ ಉಂಡಿಗಳ ಕ್ರಮ ಹೇಳುವ ಹಿರಿಯರಿಂದ ನಾನು ಬಹಳ ಕಲಿತಿದ್ದೇನೆ. ಅವರು ತಪ್ಪು ಮಾಡಿದರೆ ಮರುದಿನ ಅದೇ ಕಟ್ಟೆಯ ಮೇಲೆ ಉತ್ತರ ಕೊಡಬೇಕಾಗುತ್ತದೆ. ನಾನು ದೂರುವುದು ವಿಳಾಸವಿಲ್ಲದೆ ಬಂದು ಹೋಗುವವರನ್ನು.

ನನ್ನ ಕಪಾಟಿನಲ್ಲಿರುವ 23 ಪೊಟ್ಟಣಗಳ ಜೊತೆ ಒಂದೊಂದು ಚೀಟಿ ಇದೆ. ಅದರಲ್ಲಿ ನನಗೆ ತಲುಪಿದ ದಿನ, ರೋಗಿಯ ವಯಸ್ಸು, ತಾಲೂಕು, ಎಷ್ಟು ತಿಂಗಳು ತಿಂದರು, ಏನು ತೊಂದರೆ ಕಂಡಿತು ಎಂಬುದನ್ನು ಬರೆದಿಟ್ಟಿದ್ದೇನೆ, ಹೆಸರುಗಳನ್ನು ಬರೆದಿಲ್ಲ. ಅವುಗಳನ್ನು ತೇವ ತಾಗದಂತೆ ಗಾಜಿನ ಭರಣಿಗಳಲ್ಲಿ ಮುಚ್ಚಿ ಇಟ್ಟಿದ್ದೇನೆ. ಪರೀಕ್ಷೆಗೆ ಕೊಡಲು ಸಿದ್ಧಳಿದ್ದೇನೆ. ಯಾವ ದಿನ, ಯಾವ ಕಚೇರಿಗೆ, ಯಾರ ಕೈಗೆ ತಂದೊಪ್ಪಿಸಬೇಕೆಂದು ಬರೆದು ತಿಳಿಸಿದರೆ ನಾನೇ ತರುತ್ತೇನೆ, ಮತ್ತು ಅವುಗಳನ್ನು ಸ್ವೀಕರಿಸಿದ್ದಕ್ಕೆ ಒಂದು ರಸೀದಿ ಕೊಡಬೇಕೆಂದು ಈಗಲೇ ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ಆಯುರ್ವೇದ ವೈದ್ಯೆ